ಮೇಜಿನ ಮೇಲೆ ಕೊರಿಯಾದ ಊರು: ವಾರ್‌ಗೇಮ್‌ಗೆ ಪುಟ್ಟ ಮನೆಗಳನ್ನು ಹುಡುಕುವ ದಾರಿ

ಟೇಬಲ್‌ಟಾಪ್ ವಾರ್‌ಗೇಮ್ (ಪುಟ್ಟ ಸೈನಿಕ ಬೊಂಬೆಗಳಿಂದ ಮೇಜಿನ ಮೇಲೆ ಯುದ್ಧ ಆಡುವ ಆಟ) ಆಡುವವರಿಗೆ ಕೊರಿಯಾ ಯುದ್ಧಗಳ ಸೈನಿಕ ಬೊಂಬೆ ಹುಡುಕುವುದು ಅಂಥ ಕಷ್ಟವೇನಲ್ಲ. 1592ರ ಬಿಲ್ಲುಗಾರರು ಸಿಗುತ್ತಾರೆ, 1950ರ ಅಮೆರಿಕನ್ ಮತ್ತು ಚೀನೀ ಸೈನಿಕರಂತೂ ಬೇಕಾದಷ್ಟಿದ್ದಾರೆ. ತಲೆನೋವು ಶುರುವಾಗುವುದು ಇವರನ್ನೆಲ್ಲ ಯಾವ ಊರಲ್ಲಿ ನಿಲ್ಲಿಸುವುದು ಅನ್ನುವಾಗ. ಜಪಾನಿನ ಮನೆ ಬೇಕು ಅಂದರೆ ಅಂಗಡಿ ತುಂಬ ಇವೆ. ವಿಯೆಟ್ನಾಂ ಗುಡಿಸಲೂ ಇದೆ. ಕೊರಿಯಾದ್ದು ಅಂತ ಹುಡುಕಿದರೆ ಮಾತ್ರ 'ಏಷ್ಯನ್ ವಿಲೇಜ್' ಎಂಬ ಹೆಸರಲ್ಲಿ ಯಾವ ದೇಶದ್ದೂ ಅಲ್ಲದ ಮನೆಗಳು ಬಂದು ಬೀಳುತ್ತವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಂಚಿನ ದೊಡ್ಡ ಕಟ್ಟಡ ಒಂದನ್ನು ದುಡ್ಡು ಕೊಟ್ಟು ತನ್ನಿ, ಹುಲ್ಲಿನ ಮನೆಗಳನ್ನು ನೀವೇ ಮಾಡಿಕೊಳ್ಳಿ. ಹೆಂಚಿನ ಛಾವಣಿ ಮಾಡುವುದು ಜೀವ ತಿನ್ನುವ ಕೆಲಸ, ಹುಲ್ಲಿನದು ಒಂದು ಭಾನುವಾರದ ಕೆಲಸ. ಮೇಲಾಗಿ ಕೊರಿಯಾದ ಹಳ್ಳಿಗಳಲ್ಲಿ 1592ರಲ್ಲೂ 1950ರಲ್ಲೂ ಜಾಸ್ತಿ ಇದ್ದದ್ದು ಹುಲ್ಲಿನ ಮನೆಗಳೇ.

ಮೊದಲು ಇಸವಿ ಮತ್ತು ಜಾಗ

ಕಾರ್ಟಿಗೆ ಏನನ್ನೂ ಹಾಕುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಯುದ್ಧ, ಯಾವ ಜಾಗ. ಇದನ್ನು ಬಿಟ್ಟು ಸುಮ್ನೆ ಚೆಂದ ಕಂಡದ್ದನ್ನು ಕೊಂಡವರ ಕಪಾಟಿನಲ್ಲಿ ಮೇಜಿಗೆ ಬಾರದ ದೇವಸ್ಥಾನಗಳು ಧೂಳು ತಿನ್ನುತ್ತಿರುತ್ತವೆ.

1592ರಿಂದ 1598ರವರೆಗಿನ ಇಮ್ಜಿನ್ ಯುದ್ಧ ಆಡುತ್ತೀರಿ ಅಂದುಕೊಳ್ಳೋಣ. ಆಗ ಜಪಾನನ್ನು ಆಳುತ್ತಿದ್ದ ಹಿದೆಯೊಶಿ ಕಳಿಸಿದ ಸೈನ್ಯ ಬುಸಾನ್‌ನಲ್ಲಿ ಇಳಿದು, ಪಕ್ಕದ ದೊಂಗ್ನೆ ಕೋಟೆಯನ್ನು ಹಿಡಿಯಿತು. ದೊಂಗ್ನೆ ಆಡಲು ಕೋಟೆ ಗೋಡೆ, ಒಂದು ಹೆಬ್ಬಾಗಿಲು, ಒಳಗೆ ಒಂದಷ್ಟು ಮನೆಗಳು ಬೇಕು. ಈ ಕಾಳಗವನ್ನು ಬ್ಯೊನ್ ಬಾಕ್ ಎಂಬ ಕಲಾವಿದ 1760ರಲ್ಲಿ ಬರೆದ ಚಿತ್ರವಿದೆ, ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಕೋಟೆಯ ಒಳಗೆ ಏನು ಎಲ್ಲಿತ್ತು ಅನ್ನುವ ಅಂದಾಜಿಗೆ ಅದನ್ನೊಮ್ಮೆ ದೊಡ್ಡದು ಮಾಡಿ ನೋಡಿ. ಜಿಂಜು ಮುತ್ತಿಗೆಗೆ ನದಿ ದಂಡೆಯ ಬಂಡೆಯ ಮೇಲೆ ಕಂಬಗಳ ಮೇಲೆ ನಿಂತ ಚೊಕ್ಸೊಂಗ್ನು ಮಂಟಪ ಇದ್ದರೆ ನೋಡಿದವರು ಊರಿನ ಹೆಸರು ಕೇಳುವುದೇ ಇಲ್ಲ. ಆದರೆ 1593ರ ಹೆಂಗ್ಜು ಕದನಕ್ಕೆ ಮನೆಯೇ ಬೇಡ. ಅದು ಗುಡ್ಡದ ಮೇಲಿನ ಕೋಟೆ, ಮಣ್ಣಿನ ದಿಬ್ಬ ಮತ್ತು ಮರದ ಬೇಲಿ ಸಾಕು. ಉಲ್ಸಾನ್ ಮುತ್ತಿಗೆ ಇನ್ನೂ ಸುಲಭ, ಯಾಕಂದರೆ ಅಲ್ಲಿ ಕೋಟೆಯನ್ನು ಕಟ್ಟಿದವರು ಜಪಾನೀಯರೇ. ಉಲ್ಸಾನ್, ಸಾಚೊನ್, ಸುನ್ಚೊನ್ ಕಡೆ ದಕ್ಷಿಣ ಕರಾವಳಿಯುದ್ದಕ್ಕೂ ಅವರು ತಮ್ಮ ರೀತಿಯ ಕಲ್ಲಿನ ಕೋಟೆ ಕಟ್ಟಿಕೊಂಡಿದ್ದರು. ಹಾಗಾಗಿ ಜಪಾನೀ ಕೋಟೆಯ ಕಿಟ್ ಧೈರ್ಯವಾಗಿ ತರಬಹುದು.

1950–53ರ ಯುದ್ಧವಾದರೆ ಲೆಕ್ಕ ಬೇರೆ. 1951ರ ಏಪ್ರಿಲ್‌ನ ಇಮ್ಜಿನ್ ನದಿ, ಕಪ್ಯೊಂಗ್ ಕದನಗಳೆಲ್ಲ ಗುಡ್ಡದ ಮೇಲಿನ ಕದನಗಳು. ಕಣಿವೆಯಲ್ಲಿ ಎರಡು ಮೂರು ಹುಲ್ಲಿನ ಮನೆ ಇಟ್ಟರೆ ಮುಗಿಯಿತು, ದುಡ್ಡನ್ನು ಗುಡ್ಡಕ್ಕೆ ಹಾಕಿ. 1950ರ ಸೆಪ್ಟೆಂಬರ್‌ನಲ್ಲಿ ಸೋಲ್ ನಗರದ ಬೀದಿ ಕಾಳಗ ಆಡುವವರಿಗೆ ಮಾತ್ರ ಕಟ್ಟಡಗಳ ಹಸಿವು ಜಾಸ್ತಿ. ಅಲ್ಲಿ ಹೆಂಚಿನ ಮನೆಗಳ ಜೊತೆಗೆ ಜಪಾನೀ ಆಡಳಿತದ ಕಾಲದ ಇಟ್ಟಿಗೆ ಕಟ್ಟಡಗಳೂ ಇದ್ದವು: 1925ರ ಗುಮ್ಮಟದ ರೈಲು ನಿಲ್ದಾಣ, ಜೊತೆಗೆ ಆ ಆಡಳಿತಕ್ಕೂ ಮೊದಲಿನ 1898ರ ಮ್ಯೊಂಗ್‌ದೊಂಗ್ ಚರ್ಚ್. ಬಹಳ ಜನ ಮರೆಯುವ ವಿಷಯ ಇದು. ರೈಲ್ವೆ ಮಾಡೆಲ್ ಮಾರುವವರ ಹತ್ತಿರ ಸಿಗುವ ಯುರೋಪಿನ ಇಟ್ಟಿಗೆ ಚರ್ಚು, ಸ್ಟೇಷನ್ನು ಸೋಲ್ ಬೀದಿಗೆ ಚೆನ್ನಾಗಿಯೇ ಕೂರುತ್ತವೆ. ಬುಸಾನ್, ಇಂಚೊನ್, ಗುನ್ಸಾನ್‌ನಂಥ ಬಂದರು ಊರುಗಳಲ್ಲಿ ಜಪಾನೀ ಮಾದರಿಯ ಮರದ ಅಂಗಡಿ ಮನೆಗಳೂ ಸಾಲಾಗಿ ಇದ್ದವು.

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ನೆನಪಲ್ಲಿ 1953–54ರ ಭಾರತೀಯ ತುಕಡಿಯನ್ನು ಮೇಜಿಗೆ ತರಬೇಕು ಅನ್ನುವವರೂ ಇರಬಹುದು. ಯುದ್ಧ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಕಾವಲಿಗೆ ಹೋದ ನಮ್ಮ ಸೈನಿಕರು ಇದ್ದ ಬಿಡಾರಕ್ಕೆ ಹಿಂದ್ ನಗರ ಅಂತ ಹೆಸರು. ಅದು ಡೇರೆಗಳ ಊರು. ಮನೆ ಹುಡುಕುವ ಗೋಜೇ ಇಲ್ಲ, ಡೇರೆ ಮತ್ತು ಮುಳ್ಳುತಂತಿ ತಂದರೆ ಆಯಿತು.

ಛಾವಣಿ ನೋಡಿ ಗುರುತು ಹಿಡಿಯಿರಿ

ಮಾರುವವರು ಹಾಕಿದ ಹೆಸರನ್ನು ನಂಬಬೇಡಿ, ಫೋಟೋದಲ್ಲಿ ಛಾವಣಿ ನೋಡಿ. ಕೊರಿಯಾದ ಹೆಂಚಿನ ಮನೆಯ ಸೂರು ಮೂಲೆಗಳಲ್ಲಿ ಮೆಲ್ಲಗೆ ಮೇಲೇಳುತ್ತದೆ, ಅಷ್ಟೇ. ಕೊಂಬಿನ ಹಾಗೆ ಚೂಪಾಗಿ ಎದ್ದು ನಿಂತಿದ್ದರೆ ಅದು ದಕ್ಷಿಣ ಚೀನಾದ ಕಡೆಯದು. ಗೆರೆ ಎಳೆದ ಹಾಗೆ ನೇರವಾಗಿದ್ದರೆ ಹೆಚ್ಚಾಗಿ ಜಪಾನಿನದು. ಹೆಂಚಿನ ಬಣ್ಣ ಗಾಢ ಬೂದು.

ಹುಲ್ಲಿನ ಮನೆಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಜಪಾನಿನ ಹುಲ್ಲಿನ ಛಾವಣಿ ಎತ್ತರ, ಕಡಿದಾದದ್ದು, ಅಂಚು ಕತ್ತರಿಸಿದ ಹಾಗೆ ಇರುತ್ತದೆ. ಕೊರಿಯಾದ್ದು ತಗ್ಗು, ಅಂಚೆಲ್ಲ ದುಂಡಗೆ, ಅಣಬೆ ಕೊಡೆಯ ಹಾಗೆ ಮನೆಯ ಮೇಲೆ ಕೂತಿರುತ್ತದೆ. ಅದು ಭತ್ತದ ಹುಲ್ಲು, ಮೇಲೆ ಹುಲ್ಲಿನದೇ ಹಗ್ಗ ಬಿಗಿದಿರುತ್ತಾರೆ. ಜೆಜು ದ್ವೀಪದಲ್ಲಿ ಗಾಳಿ ಜೋರು, ಅಲ್ಲಿ ಈ ಹಗ್ಗ ಬಲೆಯಷ್ಟೇ ಒತ್ತಾಗಿರುತ್ತದೆ, ಗೋಡೆ ಕಪ್ಪು ಕಲ್ಲಿನದು.

ಇನ್ನೊಂದು ಗುರುತು ಬಾಗಿಲು. ಕೊರಿಯಾದಲ್ಲಿ ಮರದ ಜಾಲರಿಗೆ ಕಾಗದವನ್ನು ಒಳಗಡೆಯಿಂದ ಅಂಟಿಸುತ್ತಾರೆ, ಹಾಗಾಗಿ ಹೊರಗೆ ನಿಂತವರಿಗೆ ಜಾಲರಿ ಎದ್ದು ಕಾಣುತ್ತದೆ. ಜಪಾನಿನಲ್ಲಿ ಕಾಗದ ಹೊರಗಡೆ, ಜಾಲರಿ ಒಳಗಡೆ. ಜೊತೆಗೆ ಜಪಾನಿನ ಬಾಗಿಲು ಪಕ್ಕಕ್ಕೆ ಸರಿಯುವಂಥದ್ದು, ಕೊರಿಯಾದ ಮನೆಯ ಹೊರಬಾಗಿಲುಗಳು ಹೆಚ್ಚಾಗಿ ಕೀಲಿನ ಮೇಲೆ ತೆರೆಯುತ್ತವೆ. 28 ಎಂಎಂ ಅಳತೆಯಲ್ಲಿ (ಅಂದರೆ ಬೊಂಬೆಯ ಎತ್ತರ ಸುಮಾರು 28 ಮಿಲಿಮೀಟರ್) ಇದು ಕಣ್ಣಿಗೆ ಬೀಳುತ್ತದೆ, 6 ಎಂಎಂನಲ್ಲಿ ಯಾರೂ ನೋಡುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಕಾಲದ ವಿಷಯದಲ್ಲೂ ಒಂದು ಎಚ್ಚರಿಕೆ. ಕೊರಿಯಾದ ಹಳ್ಳಿ ಅಂತ ಹುಡುಕಿದಾಗ ನೀಲಿ, ಕಿತ್ತಳೆ ಬಣ್ಣದ ಶೀಟಿನ ಛಾವಣಿಯ ಮನೆಗಳು ಬರುತ್ತವೆ. ಅವು 1970ರ ನಂತರ ಸರ್ಕಾರದ ಸೆಮಾವುಲ್ ಗ್ರಾಮ ಸುಧಾರಣೆಯಲ್ಲಿ ಹುಲ್ಲು ತೆಗೆದು ಹಾಕಿದ ಛಾವಣಿಗಳು. 1950ರ ಮೇಜಿನಲ್ಲಿ ಅವುಗಳಿಗೆ ಜಾಗವಿಲ್ಲ. ಹಾಗೆಯೇ ಸುವೊನ್‌ನ ಹ್ವಾಸೊಂಗ್ ಕೋಟೆ ಎಲ್ಲರಿಗೂ ಇಷ್ಟ, ಆದರೆ ಕಟ್ಟಿದ್ದು 1794–96ರಲ್ಲಿ. ಅದರ ಹೆಬ್ಬಾಗಿಲಿನ ಮೇಲಿನ ಮರದ ಮಂಟಪವನ್ನು ಇಮ್ಜಿನ್ ಯುದ್ಧಕ್ಕೆ ಹೇಗೋ ಒಪ್ಪಿಸಬಹುದು, ಇಟ್ಟಿಗೆಯ ಕಾವಲು ಗೋಪುರವನ್ನು ಆಗುವುದಿಲ್ಲ. ಅಂದಹಾಗೆ ಆ ಕೋಟೆ ಕಟ್ಟಿದ ಲೆಕ್ಕವನ್ನೆಲ್ಲ ಚಿತ್ರಗಳ ಸಮೇತ ಬರೆದಿಟ್ಟ ಸರ್ಕಾರಿ ದಾಖಲೆ ಇದೆ, ಸ್ವಂತ ಕೈಯಿಂದ ಮಾಡುವವರಿಗೆ ಅದರ ಚಿತ್ರಗಳು ಚಿನ್ನದ ಗಣಿ.

ಅಳತೆ

ಇಲ್ಲಿ ಒಂದೇ ಒಂದು ಲೆಕ್ಕ ಗೊತ್ತಿದ್ದರೆ ಸಾಕು. ಕೊರಿಯಾದ ಮನೆಯನ್ನು ಕಂಬದಿಂದ ಕಂಬಕ್ಕೆ ಅಳೆಯುತ್ತಾರೆ, ನಮ್ಮ ಹಳೆ ಮನೆಗಳ ಅಂಕಣದ ಹಾಗೆ. ಒಂದು ಅಂಕಣ ಸುಮಾರು 2.4 ಮೀಟರ್ ಅಂತ ಇಟ್ಟುಕೊಳ್ಳಿ, ಮನೆಯಿಂದ ಮನೆಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಬಡವರ ಮನೆ ಅಂದರೆ ಮೂರು ಅಂಕಣ: ಒಂದು ಅಡುಗೆಮನೆ, ಎರಡು ಕೋಣೆ. 28 ಎಂಎಂ ಬೊಂಬೆಗೆ ಸ್ಕೇಲ್ ಹೆಚ್ಚು ಕಡಿಮೆ 1/56, ಆಗ ಒಂದು ಅಂಕಣ 43 ಮಿಲಿಮೀಟರ್, ಮನೆಯ ಉದ್ದ 13 ಸೆಂಟಿಮೀಟರ್. 1/72ಕ್ಕೆ 10 ಸೆಂಟಿಮೀಟರ್. 15 ಎಂಎಂ ಬೊಂಬೆಗೆ, ಅಂದರೆ 1/100ಕ್ಕೆ, ಸುಮಾರು 7. 6 ಎಂಎಂ ಆಟಕ್ಕೆ ಇಡೀ ಮನೆ ಎರಡೂವರೆ ಸೆಂಟಿಮೀಟರ್.

ಸ್ಕೇಲ್ ಬರೆಯದೇ ಮಾರುವವರು ಬಹಳ. ಆಗ ಬಾಗಿಲಿನ ಎತ್ತರ ಎಷ್ಟು ಮಿಲಿಮೀಟರ್ ಅಂತ ಕೇಳಿ. ನಿಜವಾದ ಬಾಗಿಲು ತಗ್ಗು, 1.7 ಮೀಟರ್ ಅಂದುಕೊಂಡರೆ 1700ನ್ನು ಅವರು ಹೇಳಿದ ಅಂಕಿಯಿಂದ ಭಾಗಿಸಿ. ಬಾಗಿಲು 28 ಮಿಲಿಮೀಟರ್ ಇದ್ದರೆ ಕಟ್ಟಡ ಸುಮಾರು 1/60. 28 ಎಂಎಂ ಬೊಂಬೆಗೆ 1/50ರಿಂದ 1/60ರವರೆಗೆ ಏನು ಸಿಕ್ಕರೂ ನಡೆಯುತ್ತದೆ. ಬೊಂಬೆಯ ಕಾಲಡಿ ಬೇಸ್ ಬೇರೆ ಇರುವುದರಿಂದ ಬಾಗಿಲು ಸ್ವಲ್ಪ ದೊಡ್ಡದಾಗಿದ್ದರೇ ಕಣ್ಣಿಗೆ ಸರಿ ಅನ್ನಿಸುತ್ತದೆ. ಹೆಬ್ಬಾಗಿಲು, ಕೋಟೆ, ದೇವಸ್ಥಾನ ಒಂದು ಸ್ಕೇಲ್ ಚಿಕ್ಕದಿದ್ದರೂ ಪರವಾಗಿಲ್ಲ. ನಿಜದ ಅಳತೆಗೆ ಮಾಡಿದರೆ ಅವು ಅರ್ಧ ಮೇಜು ನುಂಗುತ್ತವೆ.

ಎಲ್ಲಿ ಹುಡುಕುವುದು

ವಾರ್‌ಗೇಮ್ ಅಂಗಡಿಯಿಂದ ಶುರು ಮಾಡಬೇಡಿ. ಕೊರಿಯಾದ ಹವ್ಯಾಸದ ಅಂಗಡಿಗಳಿಂದ ಶುರು ಮಾಡಿ. ಅಲ್ಲಿ ಮಕ್ಕಳ ಶಾಲೆಯ ಕೆಲಸಕ್ಕೆ, ಪ್ರವಾಸಿಗರಿಗೆ, ಮರಗೆಲಸದ ಹುಚ್ಚಿನವರಿಗೆ ಅಂತ ತಮ್ಮ ದೇಶದ ಕಟ್ಟಡಗಳ ಕಿಟ್‌ಗಳನ್ನು ಮಾಡುತ್ತಾರೆ. ಯಂಗ್ ಮಾಡೆಲರ್ ಎಂಬ ಕೊರಿಯನ್ ಕಂಪನಿಯ ಲೇಸರ್‌ನಲ್ಲಿ ಕತ್ತರಿಸಿದ ಮರದ ಕಿಟ್‌ಗಳು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಹುಲ್ಲಿನ ಮನೆ, ಹೆಂಚಿನ ಮನೆ, ಮಂಟಪ, ಹೆಬ್ಬಾಗಿಲು ಎಲ್ಲ ಇವೆ. ಪ್ರತಿ ಕಿಟ್‌ನ ಸ್ಕೇಲ್ ಬೇರೆ ಬೇರೆ, ಪೆಟ್ಟಿಗೆಯ ಮೇಲೆ ನೋಡಿಯೇ ತೆಗೆದುಕೊಳ್ಳಿ. ಇವು ಪ್ರದರ್ಶನಕ್ಕೆ ಮಾಡಿದವು ಅನ್ನುವುದು ನೆನಪಿರಲಿ. ಕಂಬ ತೆಳ್ಳಗೆ, ತುಂಡುಗಳು ನೂರಾರು, ಆಟದಲ್ಲಿ ಯಾರದೋ ತೋಳು ತಾಗಿದರೆ ಸೂರು ಮುರಿಯುತ್ತದೆ. ಹಾಗಾಗಿ ಒಂದೇ ಸಾಕು, ಊರ ಮುಖ್ಯಸ್ಥನ ಮನೆ ಅಥವಾ ಕೋಟೆ ಬಾಗಿಲು.

ಹುಡುಕುವಾಗ 'ಕೊರಿಯನ್ ಹೌಸ್' ಅಂತ ಇಂಗ್ಲಿಷಿನಲ್ಲಿ ಹಾಕಿದರೆ ಬಾಡಿಗೆ ಮನೆಗಳೂ ಹೋಟೆಲ್‌ಗಳೂ ಬರುತ್ತವೆ. ಸಾಂಪ್ರದಾಯಿಕ ಮನೆಗೆ ಅಲ್ಲಿ ಹಾನೊಕ್ ಅನ್ನುತ್ತಾರೆ, ಹುಲ್ಲಿನ ಮನೆಗೆ ಚೋಗಾ, ಹೆಂಚಿನ ಮನೆಗೆ ಗಿವಾಜಿಪ್. ಈ ಮಾತುಗಳನ್ನು ಅನುವಾದದ ಆ್ಯಪ್‌ನಲ್ಲಿ ಕೊರಿಯನ್ ಅಕ್ಷರಕ್ಕೆ ಬದಲಿಸಿ, ಪಕ್ಕದಲ್ಲಿ 'ಮಾದರಿ' ಅನ್ನುವ ಮಾತಿಗಿರುವ ಕೊರಿಯನ್ ಪದ ಸೇರಿಸಿ ಹುಡುಕಿ. ಫಲಿತಾಂಶ ಪೂರ್ತಿ ಬೇರೆಯಾಗುತ್ತದೆ. ಇಬೇ, ಜಿಮಾರ್ಕೆಟ್‌ನಂಥ ಕಡೆ ನಿಮ್ಮ ಊರಿಗೆ ಕಳಿಸುತ್ತಾರಾ ಅಂತ ಮೊದಲೇ ನೋಡಿ. ಕೊರಿಯಾಕ್ಕೆ ಕೆಲಸದ ಮೇಲೆ ಹೋಗಿ ಬರುವ ಗೆಳೆಯರಿದ್ದರೆ ಅದಕ್ಕಿಂತ ಒಳ್ಳೆ ಕೊರಿಯರ್ ಇಲ್ಲ, ಕಿಟ್‌ಗಳು ಚಪ್ಪಟೆ ಪೆಟ್ಟಿಗೆಯಲ್ಲಿರುತ್ತವೆ, ಸೂಟ್‌ಕೇಸಿನ ತಳದಲ್ಲಿ ಕೂರುತ್ತವೆ.

ಅಗ್ಗದ ದಾರಿ ಒಂದಿದೆ: ಫೋಮ್ ಬೋರ್ಡಿನ ತ್ರೀಡಿ ಪಜಲ್. ಸೋಲ್‌ನ ಸುಂಗ್ನ್ಯೆಮುನ್ ಹೆಬ್ಬಾಗಿಲಿನ ಪಜಲ್‌ಗಳು ಮಕ್ಕಳ ಆಟಿಕೆಯಾಗಿ ಸಿಗುತ್ತವೆ. ಮೇಲೆ ಮುದ್ರಿಸಿದ ಬಣ್ಣ ಸ್ವಲ್ಪ ಗಾಢ, ಅಂಚಿನಲ್ಲಿ ಬಿಳಿ ಫೋಮ್ ಕಾಣುತ್ತದೆ. ಅಂಚಿಗೆ ಕಂದು ಬಣ್ಣ ಹಚ್ಚಿ, ಛಾವಣಿಗೆ ಬೂದು ಹೊಡೆದು, ಕೆಳಗಿನ ಕಲ್ಲಿನ ಭಾಗವನ್ನು ಮರಳು ಮಿಶ್ರಿತ ಬಣ್ಣದಿಂದ ಮುಚ್ಚಿದರೆ 6 ಅಥವಾ 10 ಎಂಎಂ ಆಟಕ್ಕೆ ಒಳ್ಳೆಯ ಕೋಟೆ ಬಾಗಿಲು ತಯಾರು.

ಇನ್ನು ವಾರ್‌ಗೇಮ್ ಕಂಪನಿಗಳು. ವಾರ್ಲಾರ್ಡ್ ಗೇಮ್ಸ್‌ನವರು ಬೋಲ್ಟ್ ಆಕ್ಷನ್ ಎಂಬ ತಮ್ಮ ಆಟಕ್ಕೆ ಕೊರಿಯಾ ಯುದ್ಧದ ನಿಯಮ ಪುಸ್ತಕ ತಂದ ಮೇಲೆ ಬೊಂಬೆಗಳು ಹೆಚ್ಚಾದವು, ಕಟ್ಟಡಗಳು ಅಷ್ಟಾಗಿ ಅಲ್ಲ. ಸರಿಸ್ಸಾ ಪ್ರಿಸಿಷನ್‌ನಂಥ ಎಂಡಿಎಫ್ (ಮರದ ನಾರಿನ ಹಲಗೆ) ಕಿಟ್ ಮಾಡುವ ಬ್ರಿಟಿಷ್ ಕಂಪನಿಗಳ ಪೂರ್ವ ಏಷ್ಯಾ ಸಾಲನ್ನು ನೋಡಿ, ಗೋಡೆ ಮತ್ತು ಕಂಬ ಸರಿ ಇದ್ದರೆ ತನ್ನಿ, ಛಾವಣಿಯನ್ನು ನೀವೇ ಬದಲಿಸಿ. 10 ಎಂಎಂ ಆಡುವವರು ಜಪಾನಿನ ಟೋಮಿಟೆಕ್ ಮಾಡುವ 1/150 ರೈಲ್ವೆ ಕಟ್ಟಡಗಳನ್ನು ನೋಡಲೇಬೇಕು, ಬುಸಾನ್ ಬೀದಿಯ ಜಪಾನೀ ಅಂಗಡಿ ಸಾಲಿಗೆ ಹೇಳಿ ಮಾಡಿಸಿದ ಹಾಗಿವೆ. ರೆಸಿನ್ ಕಟ್ಟಡಗಳು ಭಾರ, ಭಾರತಕ್ಕೆ ತರಿಸಿದರೆ ಸಾಗಾಟ ಮತ್ತು ಕಸ್ಟಮ್ಸ್ ಸುಂಕ ಸೇರಿ ಬೆಲೆ ಕೈ ಸುಡುತ್ತದೆ. ಎಂಡಿಎಫ್ ಚಪ್ಪಟೆ ಹಾಳೆಯಾಗಿ ಬರುತ್ತದೆ, ಅದೇ ವಾಸಿ.

ತ್ರೀಡಿ ಪ್ರಿಂಟ್ ಮಾಡಿಸುವವರಿಗೆ

ಮೈಮಿನಿಫ್ಯಾಕ್ಟರಿ, ಕಲ್ಟ್ಸ್, ಥಿಂಗಿವರ್ಸ್, ವಾರ್‌ಗೇಮಿಂಗ್‌ತ್ರೀಡಿ ಇಷ್ಟು ಜಾಲತಾಣಗಳಲ್ಲಿ ಪ್ರಿಂಟ್ ಫೈಲ್‌ಗಳನ್ನು ಮೇಲಿನ ಕೊರಿಯನ್ ಹೆಸರುಗಳಲ್ಲೇ ಹುಡುಕಿ. ಫೈಲ್ 28 ಎಂಎಂಗೆ ಮಾಡಿದ್ದರೆ 1/72ಕ್ಕೆ ಶೇ. 78ಕ್ಕೆ ಇಳಿಸಿ, 15 ಎಂಎಂಗೆ ಶೇ. 56, 6 ಎಂಎಂಗೆ ಶೇ. 20. ಕೊನೆಯದರಲ್ಲಿ ಜಾಗ್ರತೆ: 3 ಮಿಲಿಮೀಟರ್ ದಪ್ಪದ ಕಂಬ 0.6ಕ್ಕೆ ಇಳಿಯುತ್ತದೆ, ಪ್ರಿಂಟರ್‌ನಿಂದ ಬಿಡಿಸುವಾಗಲೇ ಪುಡಿ. ಚಿಕ್ಕ ಆಟಕ್ಕೆ ಜಗಲಿಯಿಲ್ಲದ, ಗೋಡೆ ಗಟ್ಟಿಯಾಗಿ ತುಂಬಿದ ಮಾದರಿಯನ್ನೇ ಆರಿಸಿ.

ಹೆಂಚಿನ ಛಾವಣಿಗೆ ರೆಸಿನ್ ಪ್ರಿಂಟ್ ಚೆನ್ನ. ಹುಲ್ಲಿನದಕ್ಕೆ ಮಾಮೂಲಿ ಫಿಲಮೆಂಟ್ ಪ್ರಿಂಟರ್ ಸಾಕು, ಬೇರೆ ಕಡೆ ಕಿರಿಕಿರಿ ಮಾಡುವ ಪದರದ ಗೆರೆಗಳು ಇಲ್ಲಿ ಹುಲ್ಲಿನ ಸಾಲಿನ ಹಾಗೆಯೇ ಕಾಣುತ್ತವೆ. ಹೊರಗೆ ಪ್ರಿಂಟ್ ಮಾಡಿಸುವುದಾದರೆ ಫೈಲಿನ ಪರವಾನಗಿ ಓದಿ, ಕೆಲವನ್ನು ಸ್ವಂತಕ್ಕೆ ಮಾತ್ರ ಬಳಸಬಹುದು.

ಹುಲ್ಲಿನ ಮನೆ, ಕೈಯಾರೆ

28 ಎಂಎಂ ಲೆಕ್ಕದಲ್ಲೇ ಹೇಳುತ್ತೇನೆ. ಸನ್‌ಬೋರ್ಡ್ ಅಥವಾ 5 ಮಿಲಿಮೀಟರ್ ಫೋಮ್ ಬೋರ್ಡಿನಲ್ಲಿ 13 ಸೆಂಟಿಮೀಟರ್ ಉದ್ದ, ನಾಲ್ಕೂವರೆ ಅಗಲ, 4 ಎತ್ತರದ ಪೆಟ್ಟಿಗೆ ಕತ್ತರಿಸಿ ಅಂಟಿಸಿ. ಮುಂದೆ ಒಂದೂವರೆ ಸೆಂಟಿಮೀಟರ್ ಜಗಲಿ, ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿದರೆ ಹಲಗೆ ನೆಲ. ಮೂರನೇ ಅಂಕಣ ಅಡುಗೆಮನೆ, ಅಲ್ಲಿ ಜಗಲಿ ಬೇಡ, ಮರದ ಹಲಗೆಯ ಬಾಗಿಲು ಇರಲಿ, ಅದೂ ನೆಲಮಟ್ಟದಲ್ಲಿ. ಯಾಕಂದರೆ ಒಲೆಯ ಬಿಸಿ ಹೊಗೆ ಕೋಣೆಗಳ ನೆಲದ ಕೆಳಗೆ ಹಾದು ನೆಲವನ್ನು ಬೆಚ್ಚಗಿಡುತ್ತದೆ, ಅದಕ್ಕೇ ಅಡುಗೆಮನೆ ತಗ್ಗಿನಲ್ಲಿ, ಕೋಣೆಗಳು ಎತ್ತರದಲ್ಲಿ. ಹೊಗೆ ಹೊರಬರುವ ಚಿಮಣಿ ಛಾವಣಿಯ ಮೇಲೆ ಇರುವುದಿಲ್ಲ. ಮನೆಯ ಇನ್ನೊಂದು ತುದಿಯಲ್ಲಿ ನೆಲದಿಂದಲೇ ಎದ್ದ ಮಣ್ಣು ಕಲ್ಲಿನ ಗಿಡ್ಡ ಗೂಡು ಅದು. ಈ ಒಂದು ಚಿಮಣಿ ಇಟ್ಟುಬಿಟ್ಟರೆ ಸಾಕು, ಮನೆ ಕೊರಿಯಾದ್ದಾಗಿಬಿಡುತ್ತದೆ.

ಗೋಡೆಗೆ ಫೆವಿಕಾಲ್ ಹಚ್ಚಿ ನಯವಾದ ಮರಳು ಉದುರಿಸಿ, ಒಣಗಿದ ಮೇಲೆ ಮಣ್ಣಿನ ಹಳದಿ ಬಣ್ಣ. ಮೂಲೆಗಳಲ್ಲಿ ಬಿದಿರಿನ ಕಡ್ಡಿಯ ಕಂಬ, ಪ್ರತಿ ಕಂಬದ ಕೆಳಗೆ ಒಂದು ಪುಟ್ಟ ಕಲ್ಲು.

ಛಾವಣಿಗೆ ಬಿಳಿ ಥರ್ಮೊಕೋಲ್ ಬೇಡ, ಉಜ್ಜಿದರೆ ಕಾಳು ಕಾಳಾಗಿ ಉದುರುತ್ತದೆ. ಒತ್ತಾದ ಇನ್ಸುಲೇಷನ್ ಫೋಮ್ ತುಂಡು ಸಿಕ್ಕರೆ ಅದನ್ನು ಗೋಡೆಗಿಂತ ಸುತ್ತಲೂ ಒಂದೂವರೆ ಸೆಂಟಿಮೀಟರ್ ಹೊರಬರುವ ಹಾಗೆ ಕತ್ತರಿಸಿ, ಸ್ಯಾಂಡ್‌ಪೇಪರ್‌ನಿಂದ ಒಂದೂ ಮೂಲೆ ಚೂಪಾಗಿರದಂತೆ ಉಜ್ಜಿ. ಸೆಣಬಿನ ಹಗ್ಗವನ್ನು ಬಿಚ್ಚಿ, ಬಾಚಿ, 3 ಸೆಂಟಿಮೀಟರ್ ತುಂಡು ಮಾಡಿ, ಸೂರಿನಿಂದ ಶುರು ಮಾಡಿ ಮೇಲಕ್ಕೆ ಸಾಲು ಸಾಲಾಗಿ ಅಂಟಿಸುತ್ತಾ ಹೋಗಿ. ನೆತ್ತಿಯ ಮೇಲೆ ಒಂದು ಜಡೆ ಹೆಣೆದು ಕೂರಿಸಿ. ಆಮೇಲೆ ಕಂದು ದಾರವನ್ನು ಸೆಂಟಿಮೀಟರಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ಬಿಗಿದು ಸೂರಿನ ಕೆಳಗೆ ಅಂಟಿಸಿ. ಸ್ಪ್ರೇ ಪೇಂಟ್ ನೇರವಾಗಿ ಫೋಮ್ ಮೇಲೆ ಹೊಡೆಯಬೇಡಿ, ಕರಗುತ್ತದೆ.

ಸುಗ್ಗಿಯ ನಂತರ ಹೊಸ ಹುಲ್ಲು ಹೊದಿಸುವುದು ವಾಡಿಕೆ. ಹೊಸದು ಹೊಂಬಣ್ಣ, ವರ್ಷ ಕಳೆಯುವಾಗ ಬೂದು. ಒಂದೇ ಊರಿನಲ್ಲಿ ಎರಡೂ ಇರಲಿ, ಎಲ್ಲ ಮನೆಗೂ ಒಂದೇ ಡಬ್ಬಿಯ ಬಣ್ಣ ಹಚ್ಚಿದರೆ ಬಡಾವಣೆಯ ಸೈಟುಗಳ ಹಾಗೆ ಕಾಣುತ್ತದೆ. ಕೆಲವು ಮನೆಗಳ ಮೇಲೆ ಸೋರೆ ಬಳ್ಳಿ ಹಬ್ಬಿಸಿ, ಬಿಳಿ ಮಣಿ ಅಂಟಿಸಿದರೆ ಕಾಯಿ. ಹುಲ್ಲಿನ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕುವ ಆಸೆ ಎಲ್ಲರಿಗೂ ಬರುತ್ತದೆ. 1950ರ ಶರತ್ಕಾಲಕ್ಕೆ ಹಾಕಿ, 1592ಕ್ಕೆ ಬೇಡ.

ದಕ್ಷಿಣದಲ್ಲಿ ಮನೆ ಒಂದೇ ಉದ್ದ ಸಾಲು, ನಡುನಾಡಿನಲ್ಲಿ ಮೂಲೆಯಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ತಿರುಗಿದ ಮನೆ. ಉತ್ತರದ ಚೋಸಿನ್ ಜಲಾಶಯದ ಕಡೆಯ ಚಳಿ ಸೀಮೆಯಲ್ಲಿ ಕೋಣೆಗಳು ಎರಡು ಸಾಲಾಗಿ ಒಂದೇ ಛಾವಣಿಯಡಿ ಒತ್ತಿಕೊಂಡಿರುತ್ತವೆ, ದನವೂ ಅಲ್ಲೇ. ಹಾಗಾಗಿ ಆ ಕಡೆಯ ಮನೆಗಳಿಗೆ ಅಗಲ ಜಾಸ್ತಿ ಮಾಡಿ.

ಅಂಗಳ ಮತ್ತು ಬಣ್ಣ

ಬರೀ ಮನೆ ಇಟ್ಟರೆ ಊರಾಗುವುದಿಲ್ಲ. ಪ್ರತಿ ಮನೆಗೂ ಎದೆಮಟ್ಟದ ಮಣ್ಣು ಕಲ್ಲಿನ ಗೋಡೆ, ಅದರ ಮೇಲೂ ಹುಲ್ಲಿನ ಟೋಪಿ. ಆಟದಲ್ಲಿ ಸೈನಿಕರು ಅಡಗುವುದು ಮನೆಯೊಳಗಿಗಿಂತ ಈ ಗೋಡೆಗಳ ಹಿಂದೆಯೇ, ಅದಕ್ಕೆ ಇವನ್ನು ಧಾರಾಳವಾಗಿ ಮಾಡಿ, ಮನೆಗೆ ಅಂಟಿಸದೆ ಬಿಡಿ ಬಿಡಿಯಾಗಿ ಇಡಿ. ಬಡವರ ಮನೆಗೆ ಕಡ್ಡಿಯ ಬೇಲಿ ಸಾಕು, ಹಳೆ ಪೊರಕೆ ಇದ್ದೇ ಇರುತ್ತದಲ್ಲ. ಬಿಸಿಲು ಬೀಳುವ ಕಡೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಕಂದು ಭರಣಿಗಳು. ಕರಕುಶಲ ಅಂಗಡಿಯ ಮೊಟ್ಟೆಯಾಕಾರದ ಮರದ ಮಣಿಗಳನ್ನು, 8ರಿಂದ 14 ಮಿಲಿಮೀಟರ್‌ವರೆಗಿನವು, ಗಾಢ ಕಂದು ಬಣ್ಣದಲ್ಲಿ ಮುಳುಗಿಸಿ ತೆಗೆದು ಮೇಲೆ ಹೊಳೆಯುವ ವಾರ್ನಿಷ್ ಕೊಡಿ.

ಮನೆಗಳ ಮರಕ್ಕೆ ಬಣ್ಣ ಬೇಡ, ಹಳೆ ಮರದ ಬೂದುಗಂದು ಅಷ್ಟೇ. ದೊಡ್ಡವರ ಹೆಂಚಿನ ಮನೆಗೂ ಇದೇ ನಿಯಮ. ಹಸಿರು ಕೆಂಪಿನ ಚಿತ್ತಾರವೆಲ್ಲ ಅರಮನೆ, ದೇವಸ್ಥಾನ, ಕೋಟೆ ಬಾಗಿಲಿನಂಥ ಕಟ್ಟಡಗಳಿಗೆ. ಅಲ್ಲಿ ಕಂಬ ಇಟ್ಟಿಗೆ ಕೆಂಪು, ಅದರ ಮೇಲಿನ ತೊಲೆ, ಸೂರಿನ ಮರವೆಲ್ಲ ಮಂಕು ಹಸಿರು. ಸಣ್ಣ ಹೂವಿನ ಚಿತ್ತಾರ ಬಿಡಿಸುವ ತಾಳ್ಮೆ ಇಲ್ಲದಿದ್ದರೆ ಹಸಿರಿನ ಮೇಲೆ ತೊಲೆಯ ತುದಿಗೆ ಮಾತ್ರ ಕಿತ್ತಳೆ, ಬಿಳಿ, ನೀಲಿಯ ಮೂರು ಗೆರೆ ಎಳೆಯಿರಿ, ಒಂದು ಅಡಿ ದೂರದಿಂದ ನೋಡುವವರಿಗೆ ಅಷ್ಟೇ ಕಾಣುವುದು.

ಛಾವಣಿಯನ್ನು ಮಾತ್ರ ಯಾವ ಮನೆಗೂ ಅಂಟಿಸಬೇಡಿ. ಗೋಡೆಯ ಮೂಲೆಯಲ್ಲಿ ಪುಟ್ಟ ಅಯಸ್ಕಾಂತ ಕೂರಿಸಿದರೆ ಎತ್ತಿದಾಗ ಬರುತ್ತದೆ, ಮೇಜು ಅಲ್ಲಾಡಿದಾಗ ಜಾರುವುದಿಲ್ಲ, ಒಳಗೆ ಸೈನಿಕರನ್ನು ನಿಲ್ಲಿಸಬಹುದು. ಆಟ ಮುಗಿದ ಮೇಲೆ ಒಂದರೊಳಗೊಂದು ಸೇರಿಸಿ ಎತ್ತಿಡುವ ಆಸೆ ಬೇಡ, ಸೆಣಬು ಒತ್ತಿ ಹೋಗುತ್ತದೆ. ಅಗಲವಾದ ಸ್ವೀಟ್ ಡಬ್ಬಿಯಲ್ಲಿ ಛಾವಣಿಗಳನ್ನು ಬೇರೆಯಾಗಿ ಜೋಡಿಸಿ, ಇಲಿ ಓಡಾಡುವ ಮನೆಯಾದರೆ ಮುಚ್ಚಳ ಬಿಗಿಯಾಗಿ ಹಾಕಿ.